ಕನ್ನಡಿ ಪೆಟ್ಟಿಗೆ: ಆನ್‌ಲೈನ್‌ನಲ್ಲಿ ತರಿಸಿದ್ದು, ಆಮೇಲೆ ಗಾಜಿನ ಅಂಗಡಿಯಲ್ಲಿ ಮಾಡಿಸಿದ್ದು

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. 26 ವರ್ಷದಿಂದ ಇದೇ ಕೆಲಸ. ಈ ವರ್ಷ ಏಪ್ರಿಲ್‌ನಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕೋಣ ಅಂತ ಅಟ್ಟದ ಮೇಲಿದ್ದ ಪಿಂಗಾಣಿ ಭರಣಿ ಇಳಿಸುತ್ತಿದ್ದೆ. ಸ್ಟೂಲು ಅಲ್ಲಾಡಿತು. ಭರಣಿ ಬಿದ್ದು ಚೂರಾಯಿತು, ಆ ಚೂರಿನ ಮೇಲೆ ಬಲಗೈ ಊರಿ ನಾನೂ ಬಿದ್ದೆ. ಮಣಿಕಟ್ಟಿನ ಹತ್ತಿರ ಆಳವಾಗಿ ಕುಯ್ದುಕೊಂಡಿತು. ಅವತ್ತೇ ರಾತ್ರಿ ಆಪರೇಷನ್ ಆಯಿತು. ಎರಡು ಟೆಂಡನ್ (ಬೆರಳನ್ನು ಎಳೆಯುವ ಹುರಿ) ಮತ್ತು ಮೀಡಿಯನ್ ನರ ತುಂಡಾಗಿದೆ ಅಂದರು ಡಾಕ್ಟರು. ಮೈಕ್ರೋಸ್ಕೋಪ್ ಇಟ್ಟುಕೊಂಡು, ಕೂದಲಿಗಿಂತ ಸಣ್ಣ ದಾರದಲ್ಲಿ ನರವನ್ನು ಹೊಲಿದರು.

ಮೀಡಿಯನ್ ನರ ಅಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶ ಕೊಡುವ ನರ. ಹೊಲಿಗೆಯವಳಿಗೆ ಇವೇ ಬೆರಳು ಬೇಕು. ಲೈನಿಂಗ್ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಲ ಉಜ್ಜಿದರೆ ಸಾಕು, ಪೂರ್ತಿ ಕಾಟನ್ನೋ ಮಿಕ್ಸೋ ಅಂತ ಹೇಳುತ್ತಿದ್ದೆ. ಅಂಥವಳಿಗೆ ಕೈಯಲ್ಲಿ ಸೂಜಿ ಇದೆಯೋ ಬಿದ್ದುಹೋಯಿತೋ ಅನ್ನುವುದೇ ತಿಳಿಯದ ಹಾಗಾಯಿತು. ಹುಕ್ಕು ಹಾಕಲು ಕೂತರೆ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬರುತ್ತಿತ್ತು, ಬಟ್ಟೆ ಮೇಲೆ ಕಲೆ ಕಂಡಾಗಲೇ ಗೊತ್ತಾಗುತ್ತಿತ್ತು.

ಆ ಸಮಯದಲ್ಲಿ ಆಸ್ಪತ್ರೆಯ ಕೈ ಥೆರಪಿ ಮೇಡಂ ಒಂದು ಕನ್ನಡಿ ಪೆಟ್ಟಿಗೆ ತಗೊಳ್ಳಿ ಅಂದರು. ಇಂಗ್ಲಿಷಿನಲ್ಲಿ ಮಿರರ್ ಬಾಕ್ಸ್ ಅಂತ ಹುಡುಕಿದರೆ ಸಿಗುತ್ತದೆ. ನಾನು ಎರಡು ಬಳಸಿದ್ದೇನೆ. ಒಂದು ಆನ್‌ಲೈನ್‌ನಲ್ಲಿ ತರಿಸಿದ್ದು, ಇನ್ನೊಂದು ನಮ್ಮ ಏರಿಯಾದ ಗಾಜಿನ ಅಂಗಡಿಯಲ್ಲಿ ಮಾಡಿಸಿದ್ದು. ಕೈಗೆ ಪೆಟ್ಟಾದವರ ಮನೆಯವರು ಗಾಬರಿಯಲ್ಲಿ ಮೊದಲು ಸಿಕ್ಕಿದ್ದನ್ನು ಆರ್ಡರ್ ಮಾಡಿಬಿಡುತ್ತಾರೆ, ನಾವೂ ಹಾಗೇ ಮಾಡಿದೆವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಇದು ಏನು ಮಾಡುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಿಲ್ಲದೆ ಯಾವುದು ಒಳ್ಳೆಯದು ಅಂತ ಆರಿಸಲು ಆಗುವುದಿಲ್ಲ.

ಮೇಜಿನ ಮೇಲೆ, ನಿಮ್ಮ ಎದೆಗೆ ನೇರವಾಗಿ, ಒಂದು ಕನ್ನಡಿಯನ್ನು ಎರಡು ಕೈಗಳ ನಡುವೆ ಅಡ್ಡಗೋಡೆ ಹಾಗೆ ನಿಲ್ಲಿಸಬೇಕು. ಪೆಟ್ಟಾದ ಕೈ ಕನ್ನಡಿಯ ಹಿಂದೆ, ಕಣ್ಣಿಗೆ ಕಾಣದ ಹಾಗೆ. ಚೆನ್ನಾಗಿರುವ ಕೈ ಕನ್ನಡಿಯ ಮುಂದೆ. ಸ್ವಲ್ಪ ಬಗ್ಗಿ ಕನ್ನಡಿ ನೋಡಿದರೆ, ನನ್ನ ಎಡಗೈಯ ಬಿಂಬ ಸರಿಯಾಗಿ ಬಲಗೈ ಇರುವ ಜಾಗದಲ್ಲೇ ಕಾಣುತ್ತದೆ. ಈಗ ಯಾರಾದರೂ ಎರಡು ಕೈಯ ತೋರುಬೆರಳನ್ನೂ ಒಂದೇ ಹೊತ್ತಿಗೆ, ಒಂದೇ ರೀತಿ ಬ್ರಷ್‌ನಿಂದ ಸವರಬೇಕು. ಕಣ್ಣಿಗೆ ಕಾಣುವುದು ಬಲಗೈ ತೋರುಬೆರಳನ್ನು ಬ್ರಷ್ ಸವರುತ್ತಿರುವ ದೃಶ್ಯ. ನರ ಇನ್ನೂ ಸತ್ತ ಹಾಗೇ ಇದೆ. ಆದರೂ ಏನೋ ತಟ್ಟುತ್ತದೆ.

ಹೀಗೆ ಯಾಕೆ ಮಾಡಬೇಕು? ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ನನ್ನ ಬೆರಳ ತುದಿಗೆ 18 ಸೆಂಟಿಮೀಟರ್. ಟೇಪ್ ಹಿಡಿದು ನಾನೇ ಅಳೆದೆ. ಅಂದರೆ ಕಡಿಮೆ ಅಂದರೂ 6 ತಿಂಗಳು ಬೆರಳಿಂದ ಮಿದುಳಿಗೆ ಸುದ್ದಿಯೇ ಇಲ್ಲ. ಅಷ್ಟು ದಿನ ಮಿದುಳಿನಲ್ಲಿ ಆ ಬೆರಳಿಗೆ ಅಂತ ಇರುವ ಜಾಗ ಖಾಲಿ ಬಿದ್ದಿರುವುದಿಲ್ಲ. ನಮ್ಮೂರಿನ ಕೆರೆಗಳಿಗೆ ಆದ ಹಾಗೆ, ಅಕ್ಕಪಕ್ಕದವರು ಒತ್ತುವರಿ ಮಾಡುತ್ತಾರೆ. ಮಿದುಳು ವಿಜ್ಞಾನಿ ಮೈಕಲ್ ಮರ್ಝೆನಿಕ್ ಮತ್ತು ಅವರ ಜೊತೆಯವರು 1983ರಲ್ಲಿ ಕೋತಿಗಳಲ್ಲಿ ಇದೇ ಮೀಡಿಯನ್ ನರ ಕತ್ತರಿಸಿ ನೋಡಿದ್ದರು. ಆ ಬೆರಳುಗಳ ಜಾಗವನ್ನು ಕೈಯ ಬೇರೆ ಭಾಗಗಳು ತುಂಬಿಕೊಂಡಿದ್ದವು. ಹಾಗಾಗಿ ಬೆರಳಿಂದ ಸುದ್ದಿ ಬರುವ ತನಕ ಕಣ್ಣಿನ ಮೂಲಕ ಆ ಜಾಗವನ್ನು ಎಚ್ಚರವಾಗಿಡುವುದು ಕನ್ನಡಿಯ ಕೆಲಸ. ಸ್ವೀಡನ್ನಿನ ಮಾಲ್ಮೋದಲ್ಲಿ ಬಿರ್ಗಿಟ್ಟಾ ರೋಸೆನ್ ಮತ್ತು ಗೋರನ್ ಲುಂಡ್‌ಬೋರ್ಗ್ ಅನ್ನುವವರು 2005ರಲ್ಲಿ ನರ ಹೊಲಿದ ಕೈಗಳಿಗೆ ಕನ್ನಡಿ ಅಭ್ಯಾಸ ಮಾಡಿಸಿದ ಬಗ್ಗೆ ಬರೆದಿದ್ದಾರೆ. ಕನ್ನಡಿ ಪೆಟ್ಟಿಗೆ ಅದಕ್ಕಿಂತ ಹಳೆಯದು. ಚೆನ್ನೈನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ, ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ಬರುವ ನೋವಿಗೆ ಅಂತ ಇದನ್ನು ಮಾಡಿದರು. ರಟ್ಟಿನ ಡಬ್ಬ, ನಡುವೆ ಒಂದು ಕನ್ನಡಿ, ಅಷ್ಟೇ.

ಇದೆಲ್ಲ ಮೇಡಂ ಸ್ವಲ್ಪ ಹೇಳಿದ್ದು, ಉಳಿದದ್ದು ಮಗಳು ಓದಿ ಹೇಳಿದ್ದು. ಅವಳು ಸೈಕಾಲಜಿ ಬಿ.ಎ. ಎರಡನೇ ವರ್ಷ.

ಈಗ ಮೊದಲನೇ ಪೆಟ್ಟಿಗೆ. ಬೆಲೆ 1,850 ರೂಪಾಯಿ. ಕಂಪನಿ ಹೆಸರು ಬರೆಯುತ್ತಿಲ್ಲ. ಅದೇ ಪೆಟ್ಟಿಗೆ ನಾಲ್ಕೈದು ಹೆಸರಲ್ಲಿ ಮಾರಾಟಕ್ಕಿದೆ, ಫೋಟೋ ಕೂಡ ಅದೇ. ಮಡಿಸಿ ಇಡಬಹುದು, ಹಗುರ, ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಬಹುದು. ಒಳಗೆ ಕೈ ಇಡಲು ಮೆತ್ತನೆ ಸ್ಪಂಜ್ ಇದೆ. ಇಷ್ಟು ಒಳ್ಳೆಯದು.

ತೊಂದರೆ ಇರುವುದು ಕನ್ನಡಿಯಲ್ಲೇ. ಅದು ಗಾಜಲ್ಲ, ತೆಳ್ಳನೆಯ ಅಕ್ರಿಲಿಕ್ ಹಾಳೆ. ನಾಲ್ಕು ಮೂಲೆಗೆ ಗಮ್ ಹಾಕಿ ಫೋಮ್ ಬೋರ್ಡಿಗೆ ಅಂಟಿಸಿದ್ದಾರೆ. ಒಂದು ವಾರಕ್ಕೆ ನಡುವೆ ಉಬ್ಬಿತು. ಉಬ್ಬಿದ ಜಾಗದಲ್ಲಿ ನನ್ನ ಬೆರಳು ಕಡ್ಡಿಯ ಹಾಗೆ, ಅಂಚಿನ ಹತ್ತಿರ ಮಣಿಕಟ್ಟು ಅಗಲ. ಕೈ ಮುಂದೆ ಸರಿಸಿದರೆ ನೀರಿನಲ್ಲಿ ನೋಡಿದ ಹಾಗೆ ಅಲೆ ಅಲೆ. ಇನ್ನೊಂದು, ಕನ್ನಡಿ ಮೇಜಿನ ತನಕ ಬರುವುದಿಲ್ಲ. ಕೆಳಗೆ ಒಂದು ಇಂಚು ಕಪ್ಪು ಪಟ್ಟಿ ಇದೆ. ಮೇಜಿನ ಮೇಲೆ ಕೈ ಮಲಗಿಸಿದರೆ ಬಿಂಬದಲ್ಲಿ ಹೆಬ್ಬೆರಳಿನ ಅರ್ಧ ಆ ಪಟ್ಟಿಯಲ್ಲಿ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಬ್ರಾಂಡಿನ ಹೆಸರು ಅಚ್ಚು ಹಾಕಿದ್ದಾರೆ, ಅದು ಬಂದು ಕೂರುವುದು ಸರಿಯಾಗಿ ಬೆರಳ ತುದಿಯ ಮೇಲೆ.

ಇವು ಸಣ್ಣ ತಪ್ಪು ಅನ್ನಿಸಬಹುದು. ಮುಖ ನೋಡುವ ಕನ್ನಡಿಯಾಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಆದರೆ ಈ ಕನ್ನಡಿಯ ಇಡೀ ಕೆಲಸ ನಿಂತಿರುವುದು ಒಂದೇ ಒಂದರ ಮೇಲೆ. ಕಾಣುತ್ತಿರುವುದು ನನ್ನ ಕೈ ಅಂತ ನನ್ನ ಮೈ ಒಪ್ಪಬೇಕು. ಒಪ್ಪದಿದ್ದರೆ ಅಲ್ಲಿ ಏನೂ ಆಗುವುದಿಲ್ಲ. ಮೂರು ವಾರ ದಿನಕ್ಕೆ ಎರಡು ಸಲ ಕೂತೆ. ಯಾರದೋ ಕೈಗೆ ಯಾರೋ ಬ್ರಷ್ ಸವರುತ್ತಿದ್ದಾರೆ, ನಾನು ನೋಡುತ್ತಿದ್ದೇನೆ, ಅಷ್ಟೇ ಅನ್ನಿಸುತ್ತಿತ್ತು. ನನಗೇ ಇದು ಆಗಿಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುವುದರಲ್ಲಿದ್ದೆ. ಆ ಮೂರು ವಾರಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ವಾಪಸ್ ತಗೊಳ್ಳಿ ಅಂದರೆ, ಬಳಸಿದ ವೈದ್ಯಕೀಯ ವಸ್ತು ವಾಪಸ್ ಇಲ್ಲ ಅಂತ ಮೆಸೇಜ್ ಬಂತು.

ಆಗ ಮಗಳು ಒಂದು ಕೆಲಸ ಮಾಡಿದಳು. ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸಿಗೆ ಹತ್ತಿ ತುಂಬಿ ಮೇಜಿನ ಮೇಲಿಟ್ಟಳು. ಅವರಪ್ಪನನ್ನು ಕೂರಿಸಿ, ಅವರ ಕೈಗೂ ಅಂಥದ್ದೇ ಗ್ಲೌಸ್ ಹಾಕಿಸಿ, ಕೈಯನ್ನು ಒಂದು ರಟ್ಟಿನ ಹಿಂದೆ ಬಚ್ಚಿಟ್ಟಳು. ಎರಡು ಬ್ರಷ್ ಹಿಡಿದು ಹತ್ತಿ ಕೈಯನ್ನೂ ಅವರ ಕೈಯನ್ನೂ ಒಟ್ಟಿಗೆ ಸವರುತ್ತಾ ಹೋದಳು. ಎರಡು ನಿಮಿಷ ಆಗಿರಬೇಕು, ನಮ್ಮನೆಯವರು "ಇದೇನೇ ಇದು, ಈ ಗ್ಲೌಸ್ ಮೇಲೇ ಗೊತ್ತಾಗ್ತಿದೆ" ಅಂದರು. ಆಮೇಲೆ ಅವಳು ಬೇಕಂತಲೇ ತಾಳ ತಪ್ಪಿಸಿದಳು, ಇಲ್ಲಿ ಒಂದು ಸಲ, ಅಲ್ಲಿ ಒಂದು ಸಲ. ತಕ್ಷಣ "ಈಗ ಹೋಯ್ತು" ಅಂದರು. ಇದು ಅವಳದೇ ಆಟ ಅಲ್ಲ. ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೋನಾಥನ್ ಕೋಹೆನ್ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ರಬ್ಬರ್ ಕೈಯ ಪ್ರಯೋಗ ಅಂತ ಬರೆದದ್ದು. ಕಣ್ಣು ನೋಡಿದ್ದೂ ಚರ್ಮಕ್ಕೆ ತಾಗಿದ್ದೂ ಒಂದೇ ಗಳಿಗೆಯಲ್ಲಿ ಆದರೆ, ಮೈ ಆ ರಬ್ಬರನ್ನೂ ತನ್ನದು ಅಂತ ಸೇರಿಸಿಕೊಳ್ಳುತ್ತದೆ.

ಅವತ್ತು ನನಗೆ ಎರಡು ವಿಷಯ ಗೊತ್ತಾಯಿತು. ಒಂದು, ಬ್ರಷ್ ಸವರುವವರ ತಾಳ ತಪ್ಪಬಾರದು. ಅಲ್ಲಿಯವರೆಗೆ ಮಗಳು ಟಿವಿ ನೋಡುತ್ತಾ ಸವರುತ್ತಿದ್ದಳು. ಎರಡು, ತೊಂದರೆ ನನ್ನ ಕೈಯದಲ್ಲ, ಕನ್ನಡಿಯದು.

ಮಾರನೇ ದಿನ ಮನೆ ಹಿಂದಿನ ರಸ್ತೆಯ ಗಾಜಿನ ಅಂಗಡಿಗೆ ಹೋದೆ. ಫೋಟೋಗೆ ಕಟ್ಟು ಹಾಕುವುದು, ಕಿಟಕಿ ಗಾಜು ಕೂರಿಸುವುದು, ಆ ಥರದ ಚಿಕ್ಕ ಅಂಗಡಿ. "ದೇವರ ಮನೆಗಾ ಅಕ್ಕಾ?" ಅಂದರು ಅಂಗಡಿಯವರು. ಕೈ ತೋರಿಸಿ ವಿಷಯ ಹೇಳಿದೆ. ಅವರು ಒಂದು ಕ್ಷಣ ಗಾಯದ ಗುರುತನ್ನೇ ನೋಡಿದರು, ಆಮೇಲೆ ಕೆಲಸ ಮಾಡುವ ಹುಡುಗನಿಗೆ ಒಳಗಿಂದ ಬೇರೆ ಹಾಳೆ ತರಲು ಹೇಳಿದರು. ಮುಂದೆ ಇಟ್ಟಿದ್ದ ಹಾಳೆ ಅಗ್ಗದ್ದಂತೆ. ಹಾಳೆಯನ್ನು ಓರೆಯಾಗಿ ಹಿಡಿದು ಅದರಲ್ಲಿ ಟ್ಯೂಬ್‌ಲೈಟ್ ನೋಡಲು ಹೇಳಿದರು. ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿದರು. ಟ್ಯೂಬ್‌ಲೈಟಿನ ಗೆರೆ ಎಲ್ಲೂ ಬಳುಕಲಿಲ್ಲ, ದಾರ ಎಳೆದ ಹಾಗೆ ನೇರ ಇತ್ತು. ಮುಂದಿನ ಹಾಳೆಯಲ್ಲಿ ಅದೇ ಗೆರೆ ಒಂದು ಕಡೆ ಸೊಟ್ಟ ಆಗುತ್ತಿತ್ತು. ಅಲ್ಲಿಯವರೆಗೆ ಕನ್ನಡಿ ಅಂದರೆ ಕನ್ನಡಿ ಅಂದುಕೊಂಡಿದ್ದೆ. ಬಟ್ಟೆಯ ಎಳೆ ನೇರ ಇದೆಯಾ ಅಂತ ನಾನು ಬೆಳಕಿಗೆ ಹಿಡಿಯುತ್ತೇನಲ್ಲ, ಅವರೂ ಗಾಜನ್ನು ಹಾಗೇ ನೋಡುತ್ತಾರೆ.

ಅಳತೆ ಇದು: ಉದ್ದ 18 ಇಂಚು, ಎತ್ತರ 14 ಇಂಚು, ದಪ್ಪ 4 ಮಿಲಿಮೀಟರ್. ಫ್ರೇಮ್ ಹಾಕಿಸಬೇಡಿ. ನಾಲ್ಕೂ ಅಂಚು ಪಾಲಿಶ್ ಮಾಡಿಸಿ, ಇಲ್ಲದಿದ್ದರೆ ಮರಗಟ್ಟಿದ ಬೆರಳು ಕುಯ್ದುಕೊಂಡರೂ ಗೊತ್ತಾಗುವುದಿಲ್ಲ. ಹಿಂದೆ ತೆಳು ಪ್ಲೈವುಡ್ ಅಂಟಿಸಿ, ಎರಡು ತುದಿಗೂ ಸಂದು ಕೊರೆದ ಮರದ ತುಂಡು ಕೊಟ್ಟರು, ಅದರಲ್ಲಿ ಕನ್ನಡಿ ನಿಲ್ಲುತ್ತದೆ. ಸಂದು ಎಷ್ಟು ಆಳ ಅಂದರೆ ಕನ್ನಡಿಯ ಕೆಳಗಿನ ಅಂಚು ಮೇಜಿಗೆ ತಾಗಿಯೇ ಇರುತ್ತದೆ, ನಡುವೆ ಪಟ್ಟಿ ಇಲ್ಲ. ಎಲ್ಲ ಸೇರಿ 740 ರೂಪಾಯಿ. ಸಂಜೆ ಅಂದಿದ್ದರು, ಮಾರನೇ ದಿನ ಮಧ್ಯಾಹ್ನ ಕೊಟ್ಟರು. ಭಾರ ಜಾಸ್ತಿ, ಅದೊಂದು ಕೊರತೆ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಸಾಮಾನಲ್ಲ.

ಈ ಕನ್ನಡಿಯ ಮುಂದೆ ಕೂತ ಮೊದಲನೇ ದಿನ ತಲೆ ಸುತ್ತಿದ ಹಾಗಾಯಿತು, ಐದು ನಿಮಿಷಕ್ಕೆ ಎದ್ದೆ. ಕೆಲವರಿಗೆ ಹಾಗಾಗುತ್ತದೆ, ನಿಧಾನಕ್ಕೆ ಜಾಸ್ತಿ ಮಾಡಿ ಅಂದರು ಮೇಡಂ. ಮೂರನೇ ದಿನ ಮಗಳು ಎಡಗೈ ತೋರುಬೆರಳಿನ ಮೇಲೆ ಬ್ರಷ್ ಎಳೆದಾಗ, ಕನ್ನಡಿಯೊಳಗಿನ ಬೆರಳಿನ ಉದ್ದಕ್ಕೂ ಒಂದು ತಣ್ಣನೆ ಗೆರೆ ಹೋಯಿತು. ಎಡಗೈಯಲ್ಲಲ್ಲ, ಬಲಗೈಯಲ್ಲಿ, ಎರಡು ತಿಂಗಳಿಂದ ಇಲ್ಲವೇ ಇಲ್ಲ ಅನ್ನಿಸಿದ್ದ ಬೆರಳಲ್ಲಿ. ಇನ್ನೊಂದು ಸಲ ಮಾಡು ಅಂದೆ. ಮತ್ತೆ ಬಂತು. ಅವಳು ಬ್ರಷ್ ಕೆಳಗಿಟ್ಟು ನನ್ನ ಮುಖ ನೋಡಿದಳು, ನನಗೆ ಮಾತು ಹೊರಡಲಿಲ್ಲ.

ಆದರೂ ಒಂದು ಸಮಸ್ಯೆ ಉಳಿದಿತ್ತು, ಬಳೆ. ನನ್ನ ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ, ಬಲಗೈ ಆಪರೇಷನ್ನಿಂದ ಬರಿದು. ಕನ್ನಡಿಯಲ್ಲಿ ಬಳೆ ತೊಟ್ಟ ಬಲಗೈ ಕಾಣುತ್ತದೆ, ಆದರೆ ಬಲಗೈ ಮಣಿಕಟ್ಟಿನ ಮೇಲೆ ಬಳೆಯ ಭಾರ ಇಲ್ಲ. ಮೈಗೆ ಅದು ಗೊತ್ತಾಗುತ್ತದೆ. ಬಲಗೈಗೂ ಹಾಕೋಣ ಅಂದರೆ ಗಾಯದ ಗುರುತಿಗೆ ಬಳೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಬೆರಳ ತನಕ ಝುಮ್ಮನ್ನುತ್ತದೆ. ಎರಡೂ ಕೈಯ ಒಡವೆ ತೆಗೆದಿಡಿ ಅಂತ ಮೇಡಂ ಮೊದಲೇ ಹೇಳಿದ್ದರು. ನಮ್ಮ ಅತ್ತೆ ಒಪ್ಪಲಿಲ್ಲ. "ಮುತ್ತೈದೆ ಬರಿಗೈಯಲ್ಲಿ ಕೂತ್ಕೋಬಾರದು ಕಣೆ" ಅಂದರು. 78 ವರ್ಷದವರು, ಅವರ ಜೊತೆ ವಾದ ಮಾಡಲು ನನಗೂ ಮನಸ್ಸಿಲ್ಲ. ಒಂದು ಬೆಳಿಗ್ಗೆ ಅವರೇ ಪೂಜೆ ಮುಗಿಸಿ ಬಂದು, ಬಿಳಿ ದಾರವನ್ನು ಅರಿಶಿನದಲ್ಲಿ ಅದ್ದಿ, ನನ್ನ ಎರಡೂ ಮಣಿಕಟ್ಟಿಗೆ ಒಂದೊಂದು ಎಳೆ ಕಟ್ಟಿದರು. ಬಲಗೈಯದನ್ನು ಗಾಯದಿಂದ ಎರಡು ಬೆರಳು ಮೇಲೆ, ಸಡಿಲವಾಗಿ. "ಈಗ ಬಳೆ ತೆಗಿ, ಇದು ಸಾಕು" ಅಂದರು. ಎರಡು ಕೈಯೂ ಒಂದೇ ಥರ ಕಂಡವು. ಅವತ್ತಿನಿಂದ ಕನ್ನಡಿ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ನಮ್ಮಂಥ ಮನೆಗಳಲ್ಲಿ ಕನ್ನಡಿ ಪೆಟ್ಟಿಗೆ ಮಾರುವವರು ಈ ಬಳೆಯ ವಿಷಯವನ್ನು ಚೀಟಿಯಲ್ಲಿ ಬರೆದು ಹಾಕಬೇಕು. ನನಗೆ ಬಂದ ಪೆಟ್ಟಿಗೆಯಲ್ಲಿ ಬರೀ ಗ್ಯಾರಂಟಿ ಕಾರ್ಡ್ ಇತ್ತು.

ಸವರಲು ಏನೂ ಕೊಳ್ಳಬೇಕಿಲ್ಲ. ಪೆಟ್ಟಿಗೆ ಜೊತೆ 600 ರೂಪಾಯಿಗೆ ಬೇರೆ ಬೇರೆ ಬಟ್ಟೆಯ ಸೆಟ್ ಅಂತ ತೋರಿಸುತ್ತಾರೆ. ನಾನು ನನ್ನ ಚೂರು ಬಟ್ಟೆಯ ಬುಟ್ಟಿ ತೆಗೆದೆ. ವೆಲ್ವೆಟ್, ನೆಟ್, ರಾ ಸಿಲ್ಕ್, ಮಲ್ ಕಾಟನ್, ಜರಿ ಅಂಚು, ಕ್ಯಾನ್ವಾಸ್. ರಾಜಾ ಮಾರ್ಕೆಟ್ಟಿನಿಂದ ತಂದ ಮಣಿ ಲೇಸ್ ಒಂದು ತುಂಡು. ನಿಮ್ಮ ಹತ್ತಿರದ ಟೈಲರ್ ಹತ್ತಿರ ಕೇಳಿದರೆ ಸುಮ್ನೆ ಕೊಡುತ್ತಾರೆ.

ಸೆಪ್ಟೆಂಬರ್ ಹೊತ್ತಿಗೆ ಅಂಗೈಯಲ್ಲಿ, ಆಮೇಲೆ ಬೆರಳ ಬುಡದಲ್ಲಿ ಜೀವ ಬರಲು ಶುರುವಾಯಿತು. ಆಗ ಹೊಸ ತಾಪತ್ರಯ. ತೋರುಬೆರಳು ಮುಟ್ಟಿದರೆ ನಡುಬೆರಳಲ್ಲಿ ಗೊತ್ತಾಗುತ್ತಿತ್ತು. ನರದೊಳಗಿನ ಎಳೆಗಳು ಬೆಳೆಯುವಾಗ ಎಲ್ಲವೂ ತಮ್ಮ ಹಳೇ ದಾರಿಯನ್ನೇ ಹಿಡಿಯುವುದಿಲ್ಲ, ಕೆಲವು ಪಕ್ಕದ ದಾರಿಗೆ ನುಗ್ಗುತ್ತವೆ. ಮಿದುಳು ಹೊಸದಾಗಿ ಕಲಿಯಬೇಕು. ಇಲ್ಲಿ ಕಣ್ಣೇ ಮೇಷ್ಟ್ರು. ನೋಡುತ್ತಾ ಮುಟ್ಟುವುದು, ಕಣ್ಣು ಮುಚ್ಚಿ ಮುಟ್ಟುವುದು, ಮತ್ತೆ ನೋಡುತ್ತಾ ಮುಟ್ಟುವುದು. ದಿನಕ್ಕೆ ನಾಲ್ಕು ಸಲ, ಹತ್ತು ಹತ್ತು ನಿಮಿಷ. ಈ ಹಂತದಲ್ಲಿ ಕನ್ನಡಿ ಕಡಿಮೆ, ನೇರ ನೋಡುವುದು ಜಾಸ್ತಿ.

ಬರೀ ನೋಡುವುದರಿಂದ ಸ್ಪರ್ಶ ಚುರುಕಾಗುತ್ತಾ ಅಂತ ನಿಮಗೆ ಅನುಮಾನ ಬರಬಹುದು. ಎಲ್ಲಿ ಮುಟ್ಟಿದರು ಅಂತ ಕಣ್ಣಿಗೆ ಕಾಣುತ್ತಲ್ಲ, ಅದಕ್ಕೇ ಗೊತ್ತಾಗುತ್ತೆ ಅಂತ ನಮ್ಮನೆಯವರೂ ಅಂದರು. ಅದಕ್ಕೂ ಲೆಕ್ಕ ಇದೆ. 2001ರಲ್ಲಿ ಲಂಡನ್ನಿನ ಸ್ಟೆಫನ್ ಕೆನೆಟ್, ಮಾರಿಸಾ ಟೇಲರ್-ಕ್ಲಾರ್ಕ್, ಪ್ಯಾಟ್ರಿಕ್ ಹ್ಯಾಗರ್ಡ್ ಅನ್ನುವವರು ಜನರ ಮುಂಗೈಗೆ ಎರಡು ಮೊನೆ ತಾಗಿಸಿ, ಒಂದು ಅನ್ನಿಸಿತೋ ಎರಡು ಅನ್ನಿಸಿತೋ ಅಂತ ಕೇಳಿದರು. ಮೊನೆ ತಾಗುವುದು ಕಣ್ಣಿಗೆ ಕಾಣದ ಹಾಗೆ ಮಾಡಿದ್ದರು. ಕೈ ಮಾತ್ರ ಕಾಣುತ್ತಿತ್ತು. ಆದರೂ, ಕೈ ನೋಡಿದವರು ಬೇರೆ ವಸ್ತು ನೋಡಿದಾಗಿನದಕ್ಕಿಂತ ಹತ್ತಿರ ಹತ್ತಿರದ ಮೊನೆಗಳನ್ನೂ ಬೇರೆ ಬೇರೆ ಅಂತ ಗುರುತಿಸಿದರು. ಕೈಯನ್ನು ದೊಡ್ಡದು ಮಾಡಿ ತೋರಿಸಿದಾಗ ಇನ್ನೂ ಚೆನ್ನಾಗಿ ಗುರುತಿಸಿದರು.

ಇದನ್ನು ಕೇಳಿ, ಹಾಗಾದರೆ ಆ ಉಬ್ಬಿದ ಕನ್ನಡಿಯೂ ಒಳ್ಳೆಯದಿತ್ತಲ್ವಾ ಅಂದೆ ಮಗಳಿಗೆ. ಇಡೀ ಕೈ ಒಂದೇ ಅಳತೆಯಲ್ಲಿ ದೊಡ್ಡದಾಗಿ ಕಾಣುವುದು ಬೇರೆ, ಒಂದು ಬೆರಳು ಸಣ್ಣ ಇನ್ನೊಂದು ದಪ್ಪ ಕಾಣುವುದು ಬೇರೆ ಅಮ್ಮ ಅಂದಳು. ಬ್ಲೌಸ್ ಪ್ಯಾಟರ್ನ್ ಒಂದೇ ಸಮ ದೊಡ್ಡದು ಮಾಡಿದರೆ ದೊಡ್ಡ ಸೈಜು, ಒಂದು ತೋಳು ಮಾತ್ರ ದೊಡ್ಡದಾದರೆ ಹಾಳು. ಅರ್ಥ ಆಯಿತು.

ನೋಡಿದರೆ ಸ್ಪರ್ಶ ಚುರುಕಾಗುವುದನ್ನು ನನ್ನ ಕೈಯಲ್ಲೇ ಕಂಡದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೇ ಸೋಮವಾರ, ಬಸವಣ್ಣನ ಗುಡಿ ರಸ್ತೆ ತುಂಬಾ ಜನ. ಒಂದು ಸೇರು ಹಸಿ ಕಡಲೆಕಾಯಿ ತಗೊಂಡು ಬಲಗೈಯನ್ನೇ ಚೀಲದೊಳಗೆ ಹಾಕಿದೆ. ಒಳಗೆ ಏನೋ ಇದೆ ಅಂತ ಗೊತ್ತು, ಒರಟು ಅಂತ ಗೊತ್ತು, ಅಷ್ಟೇ. ಒಂದು ಹಿಡಿದೆನೋ ಮೂರು ಹಿಡಿದೆನೋ ತಿಳಿಯದು. ಒಂದನ್ನು ಹೊರಗೆ ತೆಗೆದು, ಅಂಗಡಿಯ ಬಲ್ಬಿನ ಕೆಳಗೆ ಹಿಡಿದು, ಬೆರಳನ್ನೇ ನೋಡಿದೆ. ಕಾಯಿಯನ್ನಲ್ಲ, ಬೆರಳನ್ನು. ನಿಧಾನವಾಗಿ ಸಿಪ್ಪೆಯ ಮೇಲಿನ ಏಣುಗಳು ಬಂದವು. ಮೊದಲು ಒಂದು, ಆಮೇಲೆ ಪಕ್ಕದ್ದು, ನಡುವಿನ ಸಣ್ಣ ಗುಳಿ, ಸೊಂಟದ ಹತ್ತಿರ ಕಾಯಿ ಸಣ್ಣಗಾಗುವ ಜಾಗ. ಅಂಟಿದ್ದ ಒದ್ದೆ ಮಣ್ಣು ಕೂಡ. ಕಣ್ಣು ಆ ಕಡೆ ತಿರುಗಿಸಿದೆ, ಮಸುಕಾಯಿತು. ಮತ್ತೆ ನೋಡಿದೆ, ಬಂತು. ಜನ ತಳ್ಳುತ್ತಿದ್ದರು, ಅಲ್ಲೇ ನಿಂತು ಐದಾರು ಸಲ ಹಾಗೇ ಮಾಡಿದೆ. ಆಮೇಲೆ ಹೆಬ್ಬೆರಳಲ್ಲಿ ಒತ್ತಿ ಸಿಪ್ಪೆ ಒಡೆದೆ. ಟಪ್ ಅಂದದ್ದು ಕಿವಿಗೂ ಕೇಳಿತು, ಬೆರಳಿಗೂ ತಿಳಿಯಿತು.

ನೋವಿನ ವಿಷಯದಲ್ಲೂ ಒಂದು ಮಾತು. ಗಾಯದ ಗುರುತು ಉಜ್ಜುವಾಗ ನಾನು ಮುಖ ಆ ಕಡೆ ಮಾಡುತ್ತಿದ್ದೆ. ಚಿಕ್ಕಂದಿನಿಂದ ಇಂಜೆಕ್ಷನ್ ಅಂದರೆ ಆ ಕಡೆ ನೋಡು ಅಂತಲೇ ಹೇಳಿಸಿಕೊಂಡಿದ್ದೇವೆ. ಮೇಡಂ ಕೈ ನೋಡಿ ಅಂದರು. 2009ರಲ್ಲಿ ಮ್ಯಾಥ್ಯೂ ಲಾಂಗೊ ಮತ್ತು ಜೊತೆಯವರು ಇದೇ ಥರದ ಕನ್ನಡಿ ಇಟ್ಟು ನೋಡಿದ್ದರು. ಸ್ವಂತ ಕೈ ಕಾಣುತ್ತಿದ್ದರೆ ಲೇಸರ್ ತಾಗಿದ ನೋವು ಬೇರೆ ವಸ್ತು ನೋಡುವಾಗಿನದಕ್ಕಿಂತ ಕಡಿಮೆ ಅನ್ನಿಸಿತ್ತು. ಅಲ್ಲಿ ಅವರು ನೋಡಿದ್ದು ಸುಮ್ಮನೆ ಇಟ್ಟ ಕೈಯನ್ನು, ಸೂಜಿ ಚುಚ್ಚುವುದನ್ನಲ್ಲ. ನನಗೂ ನೋಡುತ್ತಾ ಉಜ್ಜಿಸಿಕೊಂಡರೆ ತಡೆದುಕೊಳ್ಳಲು ಆಗುತ್ತಿತ್ತು.

ಫಲಿತಾಂಶ ಕೇಳುವವರಿಗೆ: ಮೊನ್ನೆ ಡಿಸೆಂಬರ್ ಮೊದಲ ವಾರ ಪರೀಕ್ಷೆ ಮಾಡಿದರು, ಕಣ್ಣು ಮುಚ್ಚಿಸಿ. ಬಲಗೈ ತೋರುಬೆರಳ ತುದಿಯಲ್ಲಿ ಎರಡು ಮೊನೆ 12 ಮಿಲಿಮೀಟರ್ ದೂರ ಇದ್ದರೆ ಎರಡು ಅಂತ ತಿಳಿಯುತ್ತದೆ. ಎಡಗೈಯಲ್ಲಿ 4. ನಡುಬೆರಳು ಇನ್ನೂ ಹಿಂದಿದೆ. ಹುಕ್ಕು, ಕಾಜ ನೋಡುತ್ತಾ ಹಾಕುತ್ತೇನೆ. ಬಾಬಿನ್ ಹಾಕುವುದು ಈಗಲೂ ಎಡಗೈಯಲ್ಲೇ. ನರವನ್ನು ಬೆಳೆಸಿದ್ದು ಕನ್ನಡಿ ಅಂತ ನಾನು ಹೇಳುವುದಿಲ್ಲ, ಅದನ್ನು ಹೊಲಿದವರು ಡಾಕ್ಟರು, ಬೆಳೆದದ್ದು ಅದರ ಪಾಡಿಗೆ. ಆದರೆ ಸುದ್ದಿ ಬಂದಾಗ ಕೇಳಿಸಿಕೊಳ್ಳಲು ಮಿದುಳಿನಲ್ಲಿ ಯಾರೋ ಎದ್ದು ಕೂತಿದ್ದರು ಅಂತ ನನಗೆ ಅನ್ನಿಸುತ್ತದೆ. ಆ ಕೆಲಸ ಕನ್ನಡಿಯದು, ಜೊತೆಗೆ ದಿನಾ ಕೂತು ಬ್ರಷ್ ಸವರಿದ ನನ್ನ ಮಗಳದು.

ಆನ್‌ಲೈನ್ ಪೆಟ್ಟಿಗೆಗೆ 5ರಲ್ಲಿ 2. ಆ ಎರಡೂ ಸ್ಪಂಜಿಗೆ ಮತ್ತು ಮಡಿಸುವ ಅನುಕೂಲಕ್ಕೆ. ಪ್ರಯಾಣ ಮಾಡುವವರು ಅದನ್ನೇ ಕೊಳ್ಳಬೇಕಿದ್ದರೆ, ಬಂದ ದಿನವೇ ಟ್ಯೂಬ್‌ಲೈಟ್ ಪರೀಕ್ಷೆ ಮಾಡಿ, ಗೆರೆ ಬಳುಕಿದರೆ ಬಳಸುವ ಮೊದಲೇ ವಾಪಸ್ ಕಳಿಸಿ. ಗಾಜಿನ ಅಂಗಡಿಯ ಕನ್ನಡಿಗೆ 5ಕ್ಕೆ 5. ಎರಡರಲ್ಲಿ ಯಾವುದಾದರೂ ಸರಿ, ಥೆರಪಿಸ್ಟ್ ಹತ್ತಿರ ಒಂದು ಸಲ ಕೇಳಿಕೊಂಡೇ ಶುರು ಮಾಡಿ. ಯಾವ ಹಂತದಲ್ಲಿ ಏನು ಮಾಡಬೇಕು ಅನ್ನುವುದು ಒಬ್ಬೊಬ್ಬರ ಕೈಗೆ ಒಂದೊಂದು ಥರ.

ನನ್ನ ಕನ್ನಡಿ ಈಗ ಮನೆಯಲ್ಲಿಲ್ಲ. ಕೆಳಗಿನ ಮನೆಯವರ ಯಜಮಾನರಿಗೆ ದೀಪಾವಳಿ ಕಳೆದ ಮೇಲೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿದೆ. ಲಕ್ವಾಕ್ಕೂ ಇದನ್ನು ಬಳಸುತ್ತಾರೆ, 1999ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಅವರ ಥೆರಪಿಸ್ಟ್ ಹೂಂ ಅಂದ ಮೇಲೆ ಕೊಟ್ಟೆ. ಮೊನ್ನೆ ನೋಡಲು ಹೋದಾಗ ಅವರ ಹೆಂಡತಿ ಪಕ್ಕದಲ್ಲಿ ಕೂತು ಎರಡು ಬ್ರಷ್ ಹಿಡಿದಿದ್ದರು. ಯಜಮಾನರ ಬಲಗೈಯಲ್ಲಿ ವಾಚು ಇತ್ತು. ಅದನ್ನು ಬಿಚ್ಚಿ ಅಂತ ಹೇಳಿ, ಕನ್ನಡಿಯನ್ನು ಸೀರೆ ಸೆರಗಿನಲ್ಲಿ ಒಂದು ಸಲ ಒರೆಸಿ ಬಂದೆ.